ಹಿಂದಿನ ಎಡ ಚಕ್ರ

“ಗಾಡಿ ನಿಲ್ಲಿಸಿ, ಅಪ್ಪ ಗುನುಗ್ತಾ ಇದಾರೆ,” ಎಂದು ಮಗಳು ಹಿಂದಿನಿಂದ ನಡುವಿನ ಗಾಜು ಬಡಿದಳು. ಶವವಾಹನದ ಡ್ರೈವರಿಗೆ ಜೀವ ಬಾಯಿಗೆ ಬಂತು. ರಸ್ತೆ ಬದಿಗೆ ನಿಲ್ಲಿಸಿ ಹಿಂಬಾಗಿಲು ತೆಗೆದರೆ ಆಕೆ ತಂದೆಯ ಎದೆಗೆ ಕಿವಿಯಿಟ್ಟು ಕೂತಿದ್ದಳು. ಜೊತೆಗಿದ್ದ ನಾಲ್ವರು ಉಸಿರು ಬಿಗಿಹಿಡಿದು ಅವಳ ಮುಖವನ್ನೇ ನೋಡುತ್ತಿದ್ದರು. ನಿಂತ ಗಾಡಿಯಲ್ಲಿ ಯಾವ ಸದ್ದೂ ಇರಲಿಲ್ಲ. “ಅದು ಚಕ್ರದ ಸದ್ದಮ್ಮಾ,” ಎಂದ ಡ್ರೈವರ್. ಅವಳಪ್ಪ ಸತ್ತ ಸುದ್ದಿಯನ್ನು ಈಗಷ್ಟೇ ತಾನೇ ಹೇಳಿದಂತೆ ಅವನಿಗೆ ಅನ್ನಿಸಿತು. ಇನ್ನೊಬ್ಬರಿಗೆ ಈ ಮಾತು ಹೇಳುವ ಶಕ್ತಿ ತನಗಿಲ್ಲ ಎಂದುಕೊಂಡ.

ಮಾರನೆಯ ಬೆಳಿಗ್ಗೆ ಗ್ಯಾರೇಜಿಗೆ ಹೋದ. ಇದೇ ಸದ್ದಿಗಾಗಿ ಐದನೇ ಸಲ. ಮೊದಲ ಸಲ ಮೆಕ್ಯಾನಿಕ್ ತಪ್ಪನ್ನು ಟೈರಿನ ಮೇಲೆ ಹಾಕಿದ್ದ, ಎರಡನೇ ಸಲ ರಸ್ತೆಯ ಮೇಲೆ. ಮೂರನೇ ಸಲ ನಾಲ್ಕು ನಟ್ಟು ಬಿಗಿದು ‘ಆಯ್ತು, ಹೋಗಣ್ಣ’ ಎಂದಿದ್ದ. ನಾಲ್ಕನೇ ಸಲವಂತೂ ‘ಒಂದ್ಸಲ ಕಿವಿ ತೋರಿಸ್ಕೋಬಾರ್ದಾ’ ಎಂದುಬಿಟ್ಟಿದ್ದ. ಡ್ರೈವರಿಗೆ ಮೈಯೆಲ್ಲ ಉರಿದುಹೋಗಿತ್ತು.

ಈ ಸಲವೂ ಮೆಕ್ಯಾನಿಕ್ ಗಾಡಿಯನ್ನು ಸರ್ಕಲ್ಲಿನ ತನಕ ಓಡಿಸಿಕೊಂಡು ಬಂದು ಕೈ ಒರೆಸಿಕೊಂಡ. “ಎಲ್ಲಣ್ಣ ಸದ್ದು? ಬೆಣ್ಣೆ ಥರ ಓಡ್ತಿದೆ.”

“ಖಾಲಿ ಗಾಡಿ ಕಣಯ್ಯಾ. ಹಿಂದೆ ಭಾರ ಬಿದ್ದಾಗ ಮಾತ್ರ ಗುಂಯ್ ಅನ್ನುತ್ತೆ ಅಂತ ಎಷ್ಟು ಸಲ ಬಡ್ಕೊಳ್ಳಲಿ? ನಾಲ್ಕು ಜನಾನ ಹತ್ತಿಸು. ನೀನು ಅಲ್ಲಿ ಮಲಗಿ ಕಿವಿ ಕೊಡು.”

“ಅಲ್ಲಿ ಮಲಗೋದಾ?” ಮೆಕ್ಯಾನಿಕ್ ಹೆಣ ಮಲಗಿಸುವ ಸ್ಟೀಲ್ ಹಲಗೆ ನೋಡಿ ಎರಡು ಹೆಜ್ಜೆ ಹಿಂದೆ ಸರಿದ. “ನಂಗೆ ಮದುವೆಯಾಗಿ ಇನ್ನೂ ಆರು ತಿಂಗಳಾಗಿಲ್ಲ ಅಣ್ಣ.”

“ಅಲ್ಲಿ ಮಲಗಿದವರು ಯಾರೂ ಇವತ್ತಿನವರೆಗೆ ನಿನ್ನ ಹಾಗೆ ತಕರಾರು ಮಾಡಿಲ್ಲ.”

ಗ್ಯಾರೇಜಿನ ಉಳಿದವರಿಗೂ ಆ ಹೊತ್ತಿಗೆ ಸರಿಯಾಗಿ ಬೇರೆ ಬೇರೆ ಕೆಲಸ ನೆನಪಾದವು. ಸಾಕುಸಾಕಾಗಿ ಡ್ರೈವರ್, ಪಕ್ಕದಲ್ಲಿ ಮನೆ ಕಟ್ಟುತ್ತಿದ್ದವರನ್ನು ಕೇಳಿ ಎಂಟು ಮೂಟೆ ಮರಳು ತುಂಬಿಸಿದ. ಸ್ಟೀರಿಂಗನ್ನು ಮೆಕ್ಯಾನಿಕ್ಕಿಗೆ ಬಿಟ್ಟು ತಾನೇ ಹಲಗೆಯ ಮೇಲೆ ಮಲಗಿದ.

ಹನ್ನೊಂದು ವರ್ಷ ಓಡಿಸಿದ್ದರೂ ಈ ಗಾಡಿಯ ಒಳಚಾವಣಿಯನ್ನು ಅವನು ಸರಿಯಾಗಿ ನೋಡಿದ್ದು ಇವತ್ತೇ. ವೇಗ ಏರಿದಂತೆ ಸದ್ದು ಶುರುವಾಯಿತು. ಗಾಡಿ ಬಲಕ್ಕೆ ತಿರುಗಿ ಭಾರ ಎಡಕ್ಕೆ ವಾಲಿದಾಗ ಜೋರಾಯಿತು, ಎಡಕ್ಕೆ ತಿರುಗಿದಾಗ ಇಳಿಯಿತು. ಬಾಯಿ ಮುಚ್ಚಿಕೊಂಡು ಯಾರೋ ಗುನುಗುವ ಹಾಗೆಯೇ ಇತ್ತು, ತೀರಾ ಕಿವಿಯ ಹತ್ತಿರ. ಎಲ್ಲ ಗೊತ್ತಿದ್ದ ತನಗೇ ಹೀಗನ್ನಿಸಿದರೆ ಆ ಹುಡುಗಿಗೆ ಹೇಗಾಗಿರಬೇಡ ಎಂದುಕೊಂಡ.

“ಏನಾದ್ರೂ ಗೊತ್ತಾಯ್ತಾ ಅಣ್ಣ?” ಮೆಕ್ಯಾನಿಕ್ ಮುಂದಿನಿಂದ ಕೂಗಿದ.

“ಹಿಂದಿನ ಎಡ ಚಕ್ರ. ಬೇರಿಂಗ್ ಹೋಗಿದೆ. ಈಗಲಾದ್ರೂ ಬಿಚ್ಚು ಮಾರಾಯ.”

ಬಿಚ್ಚಿದರೆ ಬೇರಿಂಗಿನ ಗುಂಡುಗಳು ಹುಳುಕು ಹಲ್ಲಿನಂತಾಗಿದ್ದವು. “ನಾನೂ ಮೊದಲಿಂದ ಅದೇ ಅಂದ್ಕೊಂಡಿದ್ದೆ,” ಎಂದ ಮೆಕ್ಯಾನಿಕ್. ಡ್ರೈವರ್ ಹೊಸದನ್ನು ಹಾಕಿಸಿಕೊಂಡು ಹೊರಟ.

ಮಧ್ಯಾಹ್ನವೇ ಇನ್ನೊಂದು ಕರೆ ಬಂತು. ಹಿಂದೆ ಗಂಡನ ದೇಹದ ಪಕ್ಕ ಒಬ್ಬ ಅಜ್ಜಿ, ಎದುರಿನ ಬೆಂಚಿನಲ್ಲಿ ಅವಳ ಮೈದುನಂದಿರು. ಊರು ದಾಟಿ ವೇಗ ಹಿಡಿದರೂ ಗಾಡಿ ತುಟಿಪಿಟಕ್ಕೆನ್ನಲಿಲ್ಲ. ಎಷ್ಟೋ ದಿನಗಳ ಮೇಲೆ ಡ್ರೈವರ್ ಸೀಟಿಗೆ ನೆಮ್ಮದಿಯಿಂದ ಬೆನ್ನು ಕೊಟ್ಟ.

ಆಗ ಯಾರೋ ನಡುವಿನ ಗಾಜು ಬಡಿದರು. ಮೆಕ್ಯಾನಿಕ್ಕಿನ ವಂಶವನ್ನೆಲ್ಲ ಮನಸ್ಸಿನಲ್ಲೇ ಜಾಲಾಡುತ್ತ ಗಾಡಿ ನಿಲ್ಲಿಸಿ ಗಾಜು ಸರಿಸಿದ.

“ಏನಜ್ಜಿ, ಸದ್ದು ಬರ್ತಿದೆಯಾ?”

“ಇಲ್ಲಪ್ಪಾ, ಅದಕ್ಕೇ ಬಡಿದೆ.” ಅಜ್ಜಿಯ ಕೈ ಗಂಡನ ಕೈಯ ಮೇಲೇ ಇತ್ತು. “ನಲವತ್ತಾರು ವರ್ಷ ಇವರ ಗೊರಕೆ ಕೇಳ್ಕೊಂಡೇ ಪಕ್ಕದಲ್ಲಿದ್ದವಳು ನಾನು. ಇಷ್ಟು ಸುಮ್ಮನಿದ್ರೆ ಕೂರೋಕಾಗ್ತಿಲ್ಲ. ಮನೆ ಸೇರೋ ತನಕ ಏನಾದ್ರೂ ಒಂದು ಸದ್ದು ಮಾಡೋಕಾಗುತ್ತಾ?”

ಆ ಗಾಡಿಯಲ್ಲಿ ರೇಡಿಯೋ ಇರಲಿಲ್ಲ. ಒಂದು ಹಾಡೂ ನೆಟ್ಟಗೆ ಬಾರದ ಡ್ರೈವರ್, ನಡುವಿನ ಗಾಜನ್ನು ತೆರೆದೇ ಬಿಟ್ಟು, ಬಾಯಿ ಮುಚ್ಚಿಕೊಂಡು ಗುಂಯ್ ಎನ್ನುತ್ತ ಗೇರು ಹಾಕಿದ.