ಸಿಂಹಾಸನದಲ್ಲಿ ದ್ವಾರಕನಾಥರು

ಹುಡುಗ ಸುಳ್ಳುಬುರುಕ ಎಂಬುದು ದ್ವಾರಕನಾಥರಿಗೆ ಕಾಫಿ ಆರುವ ಮೊದಲೇ ಖಚಿತವಾಯಿತು.

ಹುಡುಗನ ಹೆಸರು ಹರ್ಷವರ್ಧನ್. ಊರಿನ ಇನ್ನೊಂದು ತುದಿಯ ಬುಕಿತ್ ಬಾಟೋಕ್‌ನಿಂದ ತಾಯಿಯ ಜೊತೆ ಸೆಂಗ್‌ಕಾಂಗ್‌ನ ದ್ವಾರಕನಾಥರ ಫ್ಲ್ಯಾಟಿಗೆ ಹೆಣ್ಣು ನೋಡಲು ಬಂದಿದ್ದ. ಉಪ್ಪಿಟ್ಟನ್ನು ಎರಡನೆಯ ಸಲ ಹಾಕಿಸಿಕೊಂಡಿದ್ದ. ನಾಲ್ಕು ಹುಡುಗರನ್ನು ಬೇಡವೆಂದಿದ್ದ ಮಗಳು ಹಂಸಾ ಇವನನ್ನು ನೋಡಿ, ಅಡುಗೆಮನೆಯಲ್ಲಿ ತಾಯಿಯ ಕಿವಿಯಲ್ಲಿ ಆಗಬಹುದು ಎಂದಿದ್ದಳು. ಹೆಂಡತಿ ಅನುಸೂಯಾ ಮನಸ್ಸಿನಲ್ಲೇ ಮೈಸೂರಿನ ಛತ್ರ ಗೊತ್ತು ಮಾಡಿಬಿಟ್ಟಿದ್ದರು. ಎರಡು ವರ್ಷ ಬೀಜಿಂಗ್‌ನಲ್ಲಿ ಕೆಲಸ ಮಾಡಿದ್ದೆ ಎಂದು ಹುಡುಗ ಬಾಯಿಬಿಡುವವರೆಗೆ ಎಲ್ಲವೂ ಸರಿಯಾಗಿತ್ತು.

ಬೀಜಿಂಗ್ ದ್ವಾರಕನಾಥರ ಸ್ವಂತ ಆಸ್ತಿ. ಮೂರು ವರ್ಷದ ಹಿಂದೆ ಪ್ಯಾಕೇಜ್ ಟೂರಿನಲ್ಲಿ ಚಕ್ರವರ್ತಿಗಳ ಅರಮನೆ ನೋಡಿ ಬಂದವರು ಅವರು. ವಿಮಾನ ಇಳಿದು ಬಸ್ಸು ಹತ್ತಿ ಮಲಗಿದ್ದಷ್ಟೇ, ಎಚ್ಚರವಾದದ್ದು ಹೆಬ್ಬಾಗಿಲ ಮುಂದೆ. ಅಂದಿನಿಂದ ಕನ್ನಡ ಸಂಘದಲ್ಲಿ ಚೀನಾದ ವಿಷಯಕ್ಕೆ ಅವರದೇ ಕೊನೆಯ ಮಾತು. ಅವರು ಮೈಕ್ ಹಿಡಿದರೆ ಜನ ಊಟದ ಸಾಲಿನತ್ತ ಸರಿಯುತ್ತಾರೆ.

"ಅರಮನೆ ನೋಡಿರ್ಬೇಕಲ್ಲ?"

"ತುಂಬಾ ಸಲ ಅಂಕಲ್. ಊರಿಂದ ಯಾರು ಬಂದ್ರೂ ನಾನೇ ಗೈಡು."

"ಹಂಗಾದ್ರೆ ಸಿಂಹಾಸನದ ಮೇಲೆ ಕೂತಿರ್ತೀರ."

ಹುಡುಗ ನಕ್ಕ. "ಆ ಹಾಲ್ ಒಳಗೇ ಬಿಡಲ್ಲ ಅಂಕಲ್. ಬಾಗಿಲಲ್ಲಿ ನಿಂತು ಇಣುಕಿ ನೋಡ್ಬೇಕು."

ಸಿಕ್ಕಿಬಿದ್ದ ಎಂದುಕೊಂಡರು ದ್ವಾರಕನಾಥರು. ಆದರೂ ಇನ್ನೊಂದು ಗಾಳ ಹಾಕಿದರು. "ಚಕ್ರವರ್ತಿ ಪೂಜೆಗೆ ಹೋಗ್ತಿದ್ದ ದುಂಡನೇ ದೇವಸ್ಥಾನ ಇದೆಯಲ್ಲ, ಅದು ಅರಮನೆಯಿಂದ ಎಷ್ಟು ದೂರ?"

"ದೂರಾನೇ ಅಂಕಲ್. ಮೆಟ್ರೋ ಹಿಡೀಬೇಕು."

"ನಾನು ನಡ್ಕೊಂಡು ಹೋದೆ. ಎರಡೇ ನಿಮಿಷ."

ಹುಡುಗನ ತಾಯಿ ಕೇಸರಿಬಾತಿನಲ್ಲಿ ದ್ರಾಕ್ಷಿ ಹುಡುಕತೊಡಗಿದರು. ದ್ವಾರಕನಾಥರಿಗೆ ಹುರುಪು ಬಂತು. "ಕಾವಲಿನವರು ಇವತ್ತಿಗೂ ಹಳೇ ಕಾಲದ ಕವಚ ಹಾಕ್ಕೊಂಡೇ ಡ್ಯೂಟಿ ಮಾಡ್ತಾರೆ. ಊಟಕ್ಕೂ ಅದೇ ಡ್ರೆಸ್ಸಲ್ಲಿ ಕೂತಿದ್ರು. ಸಂಪ್ರದಾಯ ಉಳಿಸಿಕೊಳ್ಳೋದು ಅಂದ್ರೆ ಅದು. ನೀವು ನೋಡ್ಲಿಲ್ವಾ?"

ಹರ್ಷವರ್ಧನ್ ಲೋಟದೊಳಗೆ ನೋಡಿದ. "ನೀವು ಹೋದ ಕಡೆ ಹಂಗೇ ಇರುತ್ತೆ ಅಂಕಲ್."

ಇನ್ನು ತಡೆಯಲಾಗಲಿಲ್ಲ. ಗೋಡೆಯ ಮೇಲಿನ ಫೋಟೋ ಇಳಿಸಿ ಹುಡುಗನ ತೊಡೆಯ ಮೇಲಿಟ್ಟರು. ಚಿನ್ನದ ಸಿಂಹಾಸನ, ಅದರ ಮೇಲೆ ಕಾಲ ಮೇಲೆ ಕಾಲು ಹಾಕಿದ ದ್ವಾರಕನಾಥರು, ಅವರ ತಲೆಯ ಮೇಲೆ ಚೀನೀ ಅಕ್ಷರಗಳ ಬೋರ್ಡು. ಪಕ್ಕದ ಮನೆಯ ಚೀನೀ ಆಂಟಿ ಈ ಫೋಟೋ ಕಂಡಾಗಲೆಲ್ಲ ಬಾಯಿಗೆ ಕೈ ಅಡ್ಡ ಹಿಡಿದು "ವೆರಿ ನೈಸ್ ಲಾ" ಎನ್ನುತ್ತಾರೆ. ಅಷ್ಟು ಗೌರವ ಎಂದು ದ್ವಾರಕನಾಥರು ಎಲ್ಲರಿಗೂ ಹೇಳುತ್ತಾರೆ.

ಹುಡುಗ ಬಹಳ ಹೊತ್ತು ನೋಡಿದ. ಏನೋ ಹೇಳಲು ಹೋದವನು ಅಡುಗೆಮನೆಯ ಬಾಗಿಲಲ್ಲಿದ್ದ ಹಂಸಾಳ ಮುಖ ನೋಡಿ ಮಾತು ಬದಲಿಸಿದ. "ಚೆನ್ನಾಗಿ ಬಂದಿದೀರ ಅಂಕಲ್," ಎಂದ.

ಅವರು ಲಿಫ್ಟ್ ಹತ್ತಿದ ಕೂಡಲೇ ತೀರ್ಪು ಹೊರಬಿತ್ತು. "ಈ ಸಂಬಂಧ ಬೇಡ. ಕಾಣದ ಅರಮನೇನ ಕಂಡಿದೀನಿ ಅನ್ನೋನು ನಾಳೆ ಕಟ್ಕೊಂಡವಳಿಗೆ ಇನ್ನೇನು ಹೇಳ್ತಾನೋ."

"ಅವ್ರು ಸುಳ್ಳು ಹೇಳೋ ಥರ ಇರಲಿಲ್ಲಪ್ಪ," ಎಂದಳು ಹಂಸಾ.

"ನಾನು ಕಣ್ಣಾರೆ ನೋಡಿದೀನಿ."

ಹಂಸಾ ಕೋಣೆಯ ಬಾಗಿಲು ಹಾಕಿಕೊಂಡಳು. ಒಳಗಿನಿಂದ ಅಳು ಕೇಳಿಸುತ್ತಿತ್ತು. ಅನುಸೂಯಾ ಮಿಕ್ಕ ಕೇಸರಿಬಾತನ್ನು ಡಬ್ಬಕ್ಕೆ ತುಂಬಿ, ಮುಚ್ಚಳವನ್ನು ಗಂಡನ ತಲೆಯೆಂದೇ ತಿಳಿದು ಗುದ್ದಿ ಮುಚ್ಚಿದರು.

ದ್ವಾರಕನಾಥರಿಗೆ ಗೆದ್ದದ್ದು ಸಾಲಲಿಲ್ಲ, ನಾಲ್ಕು ಜನರಿಗೆ ಗೊತ್ತಾಗಬೇಕಿತ್ತು. ಫೋಟೋವನ್ನು ಮೊಬೈಲಿನಲ್ಲಿ ತೆಗೆದು ಸಂಘದ ವಾಟ್ಸ್ಯಾಪ್ ಗುಂಪಿಗೆ ಹಾಕಿದರು: "ಇಲ್ಲಿ ಯಾರನ್ನೂ ಒಳಗೆ ಬಿಡುವುದಿಲ್ಲವಂತೆ. ಹಾಗಾದರೆ ಕೂತಿರುವವರು ಯಾರು?" ಹುಡುಗನಿಗೂ ಅದನ್ನೇ ಕಳಿಸಿ, ಕ್ಷಮಾಪಣೆಗಾಗಿ ಕಾದರು.

ಉತ್ತರ ಬೇಗನೆ ಬಂತು: "ಅಂಕಲ್, ದಯವಿಟ್ಟು ಇದನ್ನ ಬೇರೆ ಯಾರಿಗೂ ಕಳಿಸಬೇಡಿ. ಹಂಸಾ ಮುಂದೆ ಹೇಳೋಕೆ ಮನಸ್ಸು ಬರಲಿಲ್ಲ. ನಿಮ್ಮ ತಲೆ ಮೇಲಿರೋ ಬೋರ್ಡಿನಲ್ಲಿ ಚೈನೀಸಲ್ಲಿ ಬರೆದಿದೆ: ಶೂಟಿಂಗ್ ಸೆಟ್, ಸಿಂಹಾಸನ ಪ್ಲೈವುಡ್ಡಿನದು, ಒರಗಬೇಡಿ."