ಮೂವತ್ತು ಜನರ ಅಳತೆ

‘ಅಂಗಡಿ ಬಾಡಿಗೆಗಿದೆ’ ಎಂದು ಬರೆದ ರಟ್ಟನ್ನು ದರ್ಜಿ ಮೊಳೆಗೆ ಸಿಕ್ಕಿಸುತ್ತಿದ್ದಾಗ, ಎದುರಿನ ಹೊಸ ಮಾಲ್‌ನ ಕಾವಲುಗಾರ ಹೊಳೆ ದಾಟುವವನ ಹಾಗೆ ಪ್ಯಾಂಟನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ರಸ್ತೆ ದಾಟಿ ಬಂದ. “ಬಂತು ನೋಡಿ, ನಮ್ಮ ಹೊಟ್ಟೆ ಮೇಲೆ ಹೊಡೆದವರ ಸವಾರಿ,” ಎಂದಳು ಹೆಂಡತಿ, ಗುಂಡಿ ಹೊಲಿಯುತ್ತಲೇ. ಮಾಲ್ ತೆರೆದ ಮೇಲೆ ಅವರಲ್ಲಿಗೆ ಹೊಸ ಬಟ್ಟೆ ಹೊಲಿಸಲು ಒಬ್ಬರೂ ಬಂದಿರಲಿಲ್ಲ. ದರ್ಜಿಗೆ ಬೇರೆ ಕಸುಬು ಗೊತ್ತಿರಲಿಲ್ಲ.

“ಅಣ್ಣಾ, ಇದನ್ನ ಸ್ವಲ್ಪ ಗಿಡ್ಡ ಮಾಡಿಕೊಡಿ. ಬೆಳಗ್ಗೆಯಿಂದ ಎರಡು ಸಲ ಎಡವಿ ಬಿದ್ದೆ. ಕಳ್ಳ ಬಂದ್ರೆ ಅವನೇ ನನ್ನ ಎಬ್ಬಿಸಬೇಕು.”

ಹೆಂಡತಿಗೆ ನಗು ತಡೆಯಲಾಗಲಿಲ್ಲ. ದರ್ಜಿ ಮಂಡಿಯೂರಿ ಕುಳಿತು ಪ್ಯಾಂಟಿನ ಅಂಚು ಮಡಚಿದ. ಒಂದು ಗೇಣು ಹೆಚ್ಚಿತ್ತು. “ಯಾವ ಪುಣ್ಯಾತ್ಮನಪ್ಪಾ ಅಳತೆ ತಗೊಂಡಿದ್ದು?”

“ಅಳತೆ ಎಲ್ಲಿ ಬಂತು? ಎಲ್ಲಿಂದಲೋ ಮೂಟೆ ಕಟ್ಟಿ ಕಳಿಸಿದ್ದಾರೆ. ಮೂವತ್ತು ಜನಕ್ಕೂ ಒಂದೇ ಉದ್ದ. ‘ಮೊದಲು ನಿಂದು ಮಾಡಿಸ್ಕೊಂಡು ಬಾ, ಚೆನ್ನಾಗಿದ್ರೆ ಎಲ್ಲರದ್ದೂ ಅಲ್ಲೇ ಕೊಡೋಣ’ ಅಂದ್ರು ಮ್ಯಾನೇಜರ್. ನಮ್ಮಲ್ಲಿ ಪ್ಯಾಂಟ್ ಕೊಂಡವರೂ ಕೇಳ್ತಾನೇ ಇರ್ತಾರೆ, ಕಾಲು ಗಿಡ್ಡ ಮಾಡಿಕೊಡೋರು ಹತ್ತಿರ ಯಾರಿದ್ದಾರೆ ಅಂತ.”

ದರ್ಜಿ ಅಂಚಿಗೆ ಗುರುತು ಹಾಕಿ, ಅವನಿಗೊಂದು ಲುಂಗಿ ಕೊಟ್ಟು ಪ್ಯಾಂಟ್ ಬಿಚ್ಚಿಸಿಕೊಂಡ. ಒಂದೊಂದು ಹೊಲಿಗೆಯನ್ನೂ ಮದುವೆ ಬಟ್ಟೆಗೆ ಹಾಕುವಷ್ಟು ಜತನದಿಂದ ಹಾಕಿದ. ಕಾವಲುಗಾರ ಪ್ಯಾಂಟ್ ತೊಟ್ಟು ಅಂಗಡಿಯ ಉದ್ದಕ್ಕೂ ಬಿರಬಿರನೆ ನಡೆದ, ಒಮ್ಮೆ ಹಾರಿಯೂ ನೋಡಿದ. “ಈಗ ಬರಲಿ ಕಳ್ಳ! ಉಳಿದವರನ್ನೂ ಕಳಿಸ್ತೀನಿ ಅಣ್ಣಾ.”

ಹೆಂಡತಿ ಎದ್ದು ಹೋಗಿ ಮೊಳೆಯಲ್ಲಿದ್ದ ರಟ್ಟನ್ನು ತೆಗೆದಳು. ಅದನ್ನು ಮಗುಚಿ, ಖಾಲಿ ಬದಿ ಮೇಲೆ ಮಾಡಿ ಗಂಡನ ಮುಂದಿಟ್ಟಳು.

“ಮೂವತ್ತು ಜನರ ಅಳತೆಗೂ ಇದರಲ್ಲಿ ಜಾಗ ಇದೆ. ಬರ್ಕೊಳ್ಳಿ.”