ಕೂಸಿನ ಕಿವಿಗಿಂತ ಮೊದಲು

"ನೀಲಾಂಬಿಕಾ ಹ್ಯಾಂಗದಾಳ್ರಿ?"

ಬಾಣಂತಿ ವಿಜಯಶ್ರೀಯ ಫೋನಿನಲ್ಲಿ ಗಂಡಸಿನ ದನಿ. ತೊಟ್ಟಿಲ ಬಳಿ ಯಾರದೋ ಕೈ ತಾಗಿ ಸ್ಪೀಕರ್ ಹತ್ತಿಕೊಂಡಿತ್ತು. ವಿಜಯಶ್ರೀ "ಯಾರ್ರಿ?" ಎನ್ನುವಷ್ಟರಲ್ಲಿ ಕಟ್ಟಾಯಿತು.

ಕೂಸಿನ ಕಿವಿಯಲ್ಲಿ ಹೆಸರು ಉಸುರಲು ಬಗ್ಗಿದ್ದ ನಾದಿನಿ ದೀಪಾಲಿ ಬಗ್ಗಿದಂತೆಯೇ ಉಳಿದಳು. ಅವಳ ಬೆನ್ನಿಗೆ ಗುದ್ದಲು ಎತ್ತಿದ್ದ ಹೆಂಗಸರ ಮುಷ್ಟಿಗಳು ಗಾಳಿಯಲ್ಲೇ ನಿಂತವು. ಆ ಹೆಸರನ್ನು ಅವಳಿಗೆ ಅಣ್ಣ ಹೇಳಿದ್ದೇ ಆಗಷ್ಟೇ. ಕೂಸು ಹುಟ್ಟಿದ ದಿನವೇ ಗಂಡ ಹೆಂಡಿರಿಬ್ಬರೂ ಗೊತ್ತು ಮಾಡಿ, ಬಾಯಿ ಹೊಲಿದುಕೊಂಡಿದ್ದರು.

"ಕೂಸಿನ ಕಿವಿಗಿಂತ ಮೊದಲ ಗೆಣ್ಯಾನ ಕಿವಿಗೆ ಬಿತ್ತೇನ?" ಅತ್ತೆ ತುಳಜಾಬಾಯಿ ಕೇಳಿದಳು.

ಗಂಡ ಗುರುಶಾಂತ ಬಸವಕಲ್ಯಾಣದ ಬಟ್ಟೆ ವ್ಯಾಪಾರಿ. ಮನೆಯಲ್ಲಿ ಮಾತೇ ಕಡಿಮೆ. ಅಂದು ಓಣಿಗೆಲ್ಲ ಕೇಳುವಂತೆ ಕೂಗಿದ: "ನಾ ಯಾರಿಗೂ ಹೇಳಿಲ್ಲ. ಈ ಕೂಸು ಯಾರದು?"

ವಿಜಯಶ್ರೀ ಕೊರಳ ಲಿಂಗ ಹಿಡಿದು ಆಣೆ ಮಾಡಿದಳು. ಆಣೆ ನಂಬುವ ಕಾಲ ಹೋಗಿ ಫೋನ್ ನಂಬುವ ಕಾಲ ಬಂದಿತ್ತು. ಮರುದಿನ ತಾಯಿ, ಕೂಸು ಇಬ್ಬರೂ ಹೊಸ್ತಿಲಾಚೆ.

ಹುಮನಾಬಾದಿನಲ್ಲಿ ತವರೂರು ನಿರ್ಣಾದ ಬಸ್ಸಿಗೆ ಕಾಯುವಾಗ, ಕರೆದೊಯ್ಯಲು ಬಂದ ತಮ್ಮ ಬಸವಕಿರಣ ಹಲ್ಲು ಕಡಿದ. "ಮಾವ ಆ ಭಾಡ್ಯಾಗ ತಿರುಗಿ ಫೋನ್ ಹಚ್ಚಿ ಝಾಡಿಸಲಿಲ್ಲೇನ?"

"ಇಲ್ಲೋ. ಯಾರವ ಅಂತ ಸುದ್ದಾ ಕೇಳಲಿಲ್ಲ."

"ಮತ್ತ ಈ ಫೋನ್ ನಿನ್ನ ಹತ್ರ ಹ್ಯಾಂಗ ಬಿಟ್ಟ?"

"ಅವರದೇ ಹಳೇದು. ಕ್ಯಾಮೆರಾದ್ದು ತಗೊಂಡ್ರು, ಕೂಸು ಹುಟ್ಟಿದ ವಾರಕ್ಕ ಇದನ್ನ ಸಿಮ್ ಸಮೇತ ನನಗ ಕೊಟ್ರು. ಮೈಲಿಗಿ ನಮ್ಮ ಮನ್ಯಾಗ ಬ್ಯಾಡ ಅಂತ ಅತ್ತಿ ಗಂಟಿನ್ಯಾಗ ತುರುಕಿದ್ಲು."

ಗಂಟಿನೊಳಗೆ ಫೋನ್ ಬಡಿದುಕೊಂಡಿತು. ವಿಜಯಶ್ರೀ ತೆಗೆದು ಕಿವಿಗಿಟ್ಟಳು. ಅದೇ ದನಿ. ತಮ್ಮ ಕಸಿಯಲು ಬಂದ. ಅವಳು ಬೆನ್ನು ತಿರುಗಿಸಿದಳು.

"ಗುರುಶಾಂತ ಅವರ ನಂಬರ್ ಅಲ್ಲೇನ್ರಿ? ನೀವು ಅವರ ಅಕ್ಕಾರೇನ್ರಿ?"

"ಹೂಂ. ಅಕ್ಕ. ಹೇಳ್ರಿ."

"ಚಲೋ ಆತ್ರಿ. ನಿನ್ನಿ ಅವರ ಹೆಂಡತಿ ಎತ್ತಿದ್ರೇನೋ ಅಂತ ಕಟ್ ಮಾಡಿದ್ನಿ. ನಮ್ಮದು ಲಗ್ನದ ಬ್ಯೂರೋ. ಮೆಸೇಜಿನ್ಯಾಗ ಭವಿಷ್ಯ ಹೇಳೋ ಕಂಪ್ನಿ ಅದ ನೋಡ್ರಿ, ಅವರು ಮಂದಿ ಬರದದ್ದೆಲ್ಲಾ ಕಿಲೋ ಲೆಕ್ಕದಾಗ ಮಾರ್ತಾರ್ರಿ, ನಾವು ಕೊಳ್ತೇವ್ರಿ."

"ನಮ್ಮ ಗುರುಶಾಂತ ಏನ್ ಬರದಾನ್ರಿ?"

"'ಹೆಂಡತಿ ಹೆಣ್ಣು ಹಡದಾಳ, ಹೆಸರು ನೀಲಾಂಬಿಕಾ, ನನಗ ಎರಡನೇ ಲಗ್ನದ ಯೋಗ ಯಾವಾಗ' ಅಂತ ಕೇಳ್ಯಾರ್ರಿ. ನಮ್ಮ ಕಡೆ ಹುಡುಗಿ ತಯಾರ್ ಅದಾಳ, ಮೊದಲಿನಾಕಿ ಮನಿ ಬಿಟ್ಟಳೇನ್ರಿ?"